ಒಂದು ಜೊತೆ ಜುಮುಕಿ, ಎರಡು ಪರದೆ

ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟು ನಾಲ್ಕು ತಿಂಗಳಾಗಿತ್ತು. ಅಮ್ಮ ದಿನವೂ ಸಾರಿನ ಕಾರವನ್ನು ಒರಳಲ್ಲೇ ಅರೆಯುತ್ತಿದ್ದಳು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಇದ್ದ ಮಾತೆಲ್ಲ ಒಂದೇ ವಿಷಯಕ್ಕೆ ಖರ್ಚಾಗುತ್ತಿತ್ತು: ಅಂಗಡಿಗೆ ದೊಡ್ಡ ಪರದೆಯ ಫೋನು ತರುವುದೋ, ಚಿಕ್ಕ ಟ್ಯಾಬು ತರುವುದೋ.

ಪಾಂಡವಪುರದಲ್ಲಿ ನಮ್ಮದು ಅಕ್ಕಸಾಲಿಗರ ಮನೆ. ಮುಂದಿನ ಕೋಣೆಯೇ ಅಂಗಡಿ. ಅಪ್ಪ ಕೃಷ್ಣಮೂರ್ತಿ ಅಲ್ಲಿ ಕೆಲಸಕ್ಕೆ ಕೂರುತ್ತಾನೆ. ಅಣ್ಣ ಯೋಗೇಶ ಮನಸ್ಸು ಬಂದಾಗ ಕೂರುತ್ತಾನೆ. ಅಜ್ಜಿ ದೊಡ್ಡತಾಯಮ್ಮ ಬಾಗಿಲಲ್ಲಿ ಕೂತು ಬೀದಿಯನ್ನೂ ಮಗನನ್ನೂ ಒಟ್ಟಿಗೆ ಕಾಯುತ್ತಾಳೆ. ಅಮ್ಮ ಪ್ರಮೀಳಾ ಒಲೆ ಬಿಟ್ಟು ಬರುವುದಿಲ್ಲ. ಕಾಫಿ ಕೊಡುವುದು, ಕೆಲಸದ ಮಣೆಯ ಸುತ್ತಲ ಕಸವನ್ನು ಚಿನ್ನದ ಪುಡಿ ಸಮೇತ ಗುಡಿಸಿ ಡಬ್ಬಿಗೆ ತುಂಬುವುದು, ಆದ ಒಡವೆಯನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಹೊಳಪು ತರುವುದು ನನ್ನ ಕೆಲಸ.

ಅಣ್ಣನ ಸ್ನೇಹಿತ ಮಂಜುನಾಥ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಒಂದು ದಿನ ಅವನು ಬಳಸಿದ ಫೋನೊಂದನ್ನೂ ಬಳಸಿದ ಟ್ಯಾಬೊಂದನ್ನೂ ತಂದು ಅಪ್ಪನ ಮುಂದಿಟ್ಟ.

"ಎರಡೂ ಇಟ್ಕೊಳಿ ಆಚಾರ್ರೆ. ಒಂದ್ ತಿಂಗ್ಳು ನೋಡಿ. ಬೇಕಾದ್ದು ತಕ್ಕೊಂಡು ಇನ್ನೊಂದ್ನ ವಾಪಸ್ ಕೊಡಿ. ಈಗ ಯಾರೂ ಡಿಸೈನ್ ಪುಸ್ತಕ ನೋಡಲ್ಲ. ಗಿರಾಕಿಗೆ ಪರದೆ ಮ್ಯಾಲೆ ತೋರಿಸ್ಬೇಕು."

ಆ ರಾತ್ರಿಯ ಊಟದಿಂದಲೇ ಶುರುವಾಯಿತು.

"ಫೋನೇ ಸರಿ ಅಪ್ಪಾಜಿ," ಎಂದ ಯೋಗೇಶ. "ಜೇಬಲ್ಲಿ ಇಟ್ಕೊಬೋದು. ಕೆ.ಆರ್.ಪೇಟೆ ಕಡೆ ಓದ್ರೆ ಅಲ್ಲೇ ಗಿರಾಕಿಗೆ ತೋರ್ಸಿ ಆರ್ಡರ್ ಇಡೀಬೋದು."

"ಕೆ.ಆರ್.ಪೇಟೆಗೆ ನೀನ್ ಯಾವತ್ಲಾ ಓಗಿದ್ದೆ? ನೀನ್ ಓಗೋದು ತೊಣ್ಣೂರು ಕೆರೆ ಏರಿ ಮ್ಯಾಕೆ, ಕನ್ನಡಕ ಆಕ್ಕೊಂಡು ಫೋಟೊ ತಗಿಸ್ಕೊಳಕ್ಕೆ," ಎಂದ ಅಪ್ಪ. ಅವನಿಗೆ ಟ್ಯಾಬೇ ಬೇಕಿತ್ತು.

"ನೀನ್ ಟ್ಯಾಬು ಕೇಳ್ತಿರೋದು ಅಂಗಡಿಗಾ? ಮಧ್ಯಾನ ಮಂಚದ ಮ್ಯಾಲೆ ಒರಗ್ಕಂಡು ಧಾರಾವಾಹಿ ನೋಡಕ್ಕೆ."

"ನನ್ ಕಣ್ಣಿಗೆ ಐವತ್ತೆಂಟ್ ವರ್ಸ ಕಣ್ಲಾ. ಅಷ್ಟ್ ಚಿಕ್ಕದ್ರಲ್ಲಿ ಕಲ್ಲು ಯಾವ್ದು, ಚಿನ್ನ ಯಾವ್ದು ಅಂತ ಗೊತ್ತಾಯ್ತದಾ?"

"ಚಿಕ್ಕದಾ ಅದು? ಅಂಗೈ ಮೀರಿ ನಿಂತದೆ."

ಅಮ್ಮ ಎರಡನೆಯ ಮುದ್ದೆ ಬಡಿಸುತ್ತ, "ಎರಡ್ರಲ್ಲಿ ಯಾವ್ದಾದ್ರೂ ಕಾರ ಅರೀತದಾ?" ಎಂದಳು. ಇಬ್ಬರೂ ಅವಳ ಕಡೆ ಒಮ್ಮೆ ನೋಡಿ ಮುದ್ದೆ ಮುರಿದರು.

"ಅಪ್ಪನೂ ಮಗನೂ ಆಟದ ಸಾಮಾನಿಗೆ ಕಿತ್ತಾಡ್ತಾವ್ರೆ," ಎಂದಳು ಅಜ್ಜಿ. "ಇಬ್ರಿಗೂ ಒಂದೊಂದ್ ತೊಟ್ಲು ಕಟ್ಟುಸ್ಬುಡು ಪ್ರಮೀಳಾ."

ಆ ವಾರವೇ ಸಿಂಧಘಟ್ಟದಿಂದ ಅಣ್ಣಮ್ಮ ಬಂದರು. ಜೊತೆಗೆ ಗಂಡ ದೇವರಾಜು, ಮದುವೆ ಗೊತ್ತಾಗಿದ್ದ ಮಗಳು ರಮ್ಯ. ಮೂರು ತಲೆಮಾರಿನಿಂದ ಆ ಮನೆಯ ಮದುವೆ ಒಡವೆಗಳೆಲ್ಲ ನಮ್ಮ ಮಣೆಯ ಮೇಲೇ ಆಗಿದ್ದವು. ತಾತನ ಕಾಲದಲ್ಲಿ ಅಂಥ ಮನೆಗಳು ನಲವತ್ತಿದ್ದವಂತೆ. ಈಗ ಉಳಿದಿದ್ದು ಅದೊಂದೇ. ಮಿಕ್ಕವರೆಲ್ಲ ಮೈಸೂರಿನ ದೊಡ್ಡ ಅಂಗಡಿಗಳ ದಾರಿ ಹಿಡಿದಿದ್ದರು. ಇವರೂ ಹೋದರೆ ಅಪ್ಪನಿಗೆ ಉಳಿಯುವುದು ಮೂಗುಬೊಟ್ಟಿನ ತಿರುಪು ಸರಿಮಾಡುವ ಕೆಲಸ ಮಾತ್ರ.

ಅಣ್ಣಮ್ಮ ಪದ್ಧತಿಯಂತೆ ತಟ್ಟೆಯಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟುಕೊಂಡು ಬಂದಿದ್ದರು. ಅಕ್ಕಿಯ ಮೇಲೆ ಒಂದು ಜೊತೆ ಹಳೆಯ ಬುಗುಡಿ, ತುಂಡಾದ ಒಂದು ಸರ.

"ನಮ್ಮವ್ವಂದು," ಎಂದರು. "ನಿಮ್ ತಾತನೇ ಮಾಡಿದ್ದು. ಇದ್ನ ಕರಗಿಸಿ ರಮ್ಯಂಗೆ ಕೆಂಪು ಕಲ್ಲಿನ ಜುಮುಕಿ ಮಾಡ್ಕೊಡಿ. ಇಂಥದ್ದು." ಸೆರಗಿನ ಗಂಟು ಬಿಚ್ಚಿ ಒಂದು ಜುಮುಕಿ ತೆಗೆದರು. "ನಮ್ ನಾದ್ನಿ ಮಗಳ್ದು. ಮಾದರಿಗಿರ್ಲಿ ಅಂತ ಈಸ್ಕೊ ಬಂದಿವ್ನಿ. ವಾರ ಬೇಕಾದ್ರೂ ಇಟ್ಕೊಳಿ."

"ಮಾದರಿ ಯಾಕೆ ಅಣ್ಣಮ್ಮಾರೆ? ಫೋಟೊ ಸಾಕು," ಎಂದ ಅಪ್ಪ.

"ಈಗ ಎಲ್ಲಾ ಪರದೆ ಮ್ಯಾಲೇ ಆಂಟಿ," ಎಂದ ಅಣ್ಣ. ಇಡೀ ವಾರದಲ್ಲಿ ಅಪ್ಪ ಮಗ ಒಂದೇ ಮಾತಾಡಿದ್ದು ಆಗ ಮಾತ್ರ.

ಜುಮುಕಿಯನ್ನು ರಮ್ಯಳ ಅಂಗೈ ಮೇಲಿಟ್ಟು ಅಣ್ಣ ಒಂದು ಫೋಟೊ ತೆಗೆದ. ಅದನ್ನೇ ಫೋನಿಗೂ ಹಾಕಿದ, ಟ್ಯಾಬಿಗೂ ಹಾಕಿದ.

"ಕೈಲಿ ಮುಟ್ಟಿ ನೋಡ್ದೆ ಎಂಗ್ ಮಾಡೀರಿ?" ಎಂದರು ಅಣ್ಣಮ್ಮ.

"ಕಾಲ ಮುಂದಕ್ಕೋಗ್ಬುಟ್ಟದೆ ಗೌಡತಿಯವ್ರೆ," ಎಂದು ಅಪ್ಪ ನಕ್ಕ. ಅಣ್ಣಮ್ಮ ನಗಲಿಲ್ಲ. ಜುಮುಕಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಅವರ ಕಣ್ಣ ಮುಂದೆಯೇ ಬುಗುಡಿ ಕರಗಿತು, ಸರ ಕರಗಿತು. ಹದಿನಾರು ಗ್ರಾಮಿನ ಒಂದು ಗಟ್ಟಿಯಾಯಿತು. ಮದುವೆಗೆ ಇಪ್ಪತ್ತೈದು ದಿನ ಇತ್ತು.

ಅವರು ಹೋದ ಮೇಲೆ ಅಪ್ಪನಿಗೆ ಆ ಬುದ್ಧಿ ಹೊಳೆಯಿತು.

"ಒಂದ್ ಕೆಲ್ಸ ಮಾಡಣ. ಒಂದ್ ಕಿವೀದು ನೀನ್ ಮಾಡು, ನಿನ್ ಫೋನ್ ನೋಡ್ಕೊಂಡು. ಇನ್ನೊಂದ್ನ ನಾನು ಟ್ಯಾಬ್ ನೋಡ್ಕೊಂಡ್ ಮಾಡ್ತೀನಿ. ಯಾರ್ದು ಸೊಗಸಾಗಿ ಬತ್ತದೋ ಅವರ್ದೇ ಅಂಗ್ಡೀಲಿ ನಿಲ್ಲೋದು. ಕೂಲಿ ದುಡ್ಡಲ್ಲಿ ಅದ್ನೇ ತಗೊಳೋದು."

"ಆಯ್ತು. ಮಾತ್ ತಪ್ಪಬಾರ್ದು ಮತ್ತೆ."

ಅಜ್ಜಿ ಬಾಗಿಲಿಂದಲೇ ತಿರುಗಿದಳು. "ಲೋ ಕೃಷ್ಣ, ನಿಮ್ಮಪ್ಪ ಜೋಡಿ ಒಡವೇನ ಎರಡು ಕೈಗೆ ಯಾವತ್ತೂ ಕೊಟ್ಟೋನಲ್ಲ. ಒಂದ್ ಕಿವಿ ಮಾಡಿದ್ ಕೈಯೇ ಇನ್ನೊಂದ್ನೂ ಮಾಡ್ಬೇಕು."

"ಅಪ್ಪನ ಕಾಲ್ದಲ್ಲಿ ಟ್ಯಾಬ್ ಇತ್ತಾ?" ಎಂದ ಅಪ್ಪ.

ಚಿನ್ನವನ್ನು ಎಂಟೆಂಟು ಗ್ರಾಮಿಗೆ ಸರಿಯಾಗಿ ಪಾಲು ಮಾಡಿದರು. ಆ ಪಾಲು ಮಾಡುವಾಗ ಇಬ್ಬರ ಮುಖವನ್ನೂ ನೋಡಬೇಕಿತ್ತು. ಆಸ್ತಿ ಭಾಗಕ್ಕೆ ಕೂತವರ ಹಾಗಿದ್ದರು.

ನಮ್ಮಲ್ಲಿರುವ ಹಳೆಯ ಡಿಸೈನ್ ಪುಸ್ತಕದಲ್ಲಿ ಪ್ರತಿ ಚಿತ್ರವೂ ಒಡವೆಯ ನಿಜವಾದ ಅಳತೆಗೇ ಅಚ್ಚಾಗಿದೆ. ಹಾಳೆಯ ಮೇಲೆ ಕೈವಾರ ಇಟ್ಟು ಅಳೆದು ಹಾಗೆಯೇ ತಗಡು ಕತ್ತರಿಸಬಹುದು. ಅಪ್ಪ ನಲವತ್ತು ವರ್ಷ ಹಾಗೇ ಮಾಡಿದ್ದ. ಅಣ್ಣ ಅದನ್ನು ನೋಡಿ ಕಲಿತಿದ್ದ. ಈಗಲೂ ಹಾಗೇ ಮಾಡಿದರು. ಬೆಳಿಗ್ಗೆ ಅಪ್ಪ ಟ್ಯಾಬಿನ ಮೇಲೆ ತೆಳುಹಾಳೆ ಹಾಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಬೆರಳು ತಗುಲಿ ಚಿತ್ರ ಜರುಗಿದರೆ "ಸುಮ್ಕಿರ್ಲಾ" ಎಂದು ಅದನ್ನು ಗದರಿಸುತ್ತಿದ್ದ. ಸಂಜೆ ಅಣ್ಣ ಫೋನಿನ ಗಾಜಿನ ಮೇಲೆ ಕೈವಾರದ ಮೊನೆ ಊರುತ್ತಿದ್ದ. ಅಪ್ಪ ಏಳುವವರೆಗೆ ಅಣ್ಣ ಕೂರುತ್ತಿರಲಿಲ್ಲ. ಎದ್ದವನು ತನ್ನ ಕೆಲಸವನ್ನು ತನ್ನ ಡಬ್ಬಿಗೆ ಹಾಕಿ ಬೀಗ ಹಾಕುತ್ತಿದ್ದ, ಇನ್ನೊಬ್ಬ ಕದ್ದು ನೋಡಿ ಕಲಿತಾನೆಂದು.

ಎರಡನೆಯ ದಿನ ಅಪ್ಪ ಏಳುವ ಹೊತ್ತಿಗೆ ಕಾಫಿ ಕೊಡಲು ಹೋದಾಗ ಎರಡೂ ಪರದೆ ಪಕ್ಕಪಕ್ಕದಲ್ಲಿ ಬೆಳಗುತ್ತಿದ್ದವು. ಫೋನಿನಲ್ಲಿ ರಮ್ಯಳ ಅಂಗೈ ಸ್ಕೂಲು ಹುಡುಗಿಯದರ ಹಾಗಿತ್ತು. ಟ್ಯಾಬಿನಲ್ಲಿ ಗದ್ದೆ ಕೆಲಸ ಮಾಡುವ ಗಂಡಸಿನದರ ಹಾಗಿತ್ತು. ರಮ್ಯಳ ಅಂಗೈಯನ್ನು ನಾನು ನೋಡಿದ್ದೆ, ಅದು ಎರಡರ ಹಾಗೂ ಇರಲಿಲ್ಲ.

"ಅಪ್ಪಾಜಿ, ಎರಡ್ರಲ್ಲೂ ಅಳತೆ ಬೇರೆ ಬೇರೆ ಕಾಣ್ತದೆ," ಎಂದೆ.

"ಅದು ಒಂದೇ ಫೋಟೊ ಕಣೇ," ಎಂದ ಅಣ್ಣ. "ನಾನೇ ಆಕಿರದು. ಒಂಬತ್ನೇ ಕ್ಲಾಸಿಗೆ ಬಿಟ್ಟೋಳು ನಂಗೆ ಫೋನ್ ಹೇಳ್ಕೊಡ್ತಾಳೆ."

"ಲೋಟ ಇಟ್ಟು ಓಗವ್ವ," ಎಂದ ಅಪ್ಪ.

ಲೋಟ ಇಟ್ಟು ಹೋದೆ. ಒಂದು ವಿಷಯದಲ್ಲಿ ಅವರಿಬ್ಬರೂ ಒಂದಾಗಬಲ್ಲರು, ನನ್ನ ಬಾಯಿ ಮುಚ್ಚಿಸುವುದರಲ್ಲಿ.

ಮುಂದಿನ ಹದಿನೈದು ದಿನ ಮನೆಯಲ್ಲಿ ಎರಡು ಪಕ್ಷ. ಅಪ್ಪ ಅಣ್ಣನ ಜೊತೆ ನೇರ ಮಾತು ಬಿಟ್ಟ. "ಅವ್ನಿಗೆ ಏಳು, ಚಿಮಟ ಎಲ್ಲಿ ಮಡಗವ್ನೆ ಕೇಳು," ಎಂದು ನನ್ನ ಮೂಲಕ ಕೇಳಿಸುತ್ತಿದ್ದ, ಅಣ್ಣ ಎರಡಡಿ ದೂರದಲ್ಲಿ ನಿಂತಿರುವಾಗ. "ಅವರ ಕಾಲ್ ಕೆಳಗೇ ಅದೆ ಅಂತ ಏಳು," ಎಂದು ಅಣ್ಣ ನನ್ನ ಮೂಲಕವೇ ಉತ್ತರ ಕಳಿಸುತ್ತಿದ್ದ. ಅಣ್ಣ ಕೆಲಸ ಮುಗಿಸಿ ಫೋನನ್ನು ಶರಟಿನ ಜೇಬಿಗೆ ಹಾಕಿ ಹೊರಡುತ್ತಿದ್ದ. ಅರ್ಧ ಹೊರಗೆ ಇಣುಕುತ್ತಿತ್ತು, ಬಗ್ಗಿದರೆ ಬೀಳುತ್ತಿತ್ತು. ಅಪ್ಪ ಮಧ್ಯಾಹ್ನ ಟ್ಯಾಬನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ಧಾರಾವಾಹಿ ಹಾಕಿ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದ. ಎರಡು ಸಲ ಅದು ಮೂಗಿನ ಮೇಲೆ ಬಿತ್ತು. "ಡಿಸೈನ್ ನೋಡ್ತಿದ್ದೆ," ಎಂದ ಎರಡು ಸಲವೂ. ಅಮ್ಮ ಒರಳ ಮುಂದೆ ಕೂತು ಕಾರ ಅರೆಯುತ್ತಲೇ ಇದ್ದಳು.

ಮದುವೆಗೆ ಎಂಟು ದಿನ ಇದ್ದಾಗ ಎರಡೂ ಮುಗಿದವು. ಇಬ್ಬರೂ ತಮ್ಮ ತಮ್ಮ ಡಬ್ಬಿಯಿಂದ ತೆಗೆದು ಒಬ್ಬರಾದ ಮೇಲೆ ಒಬ್ಬರು ತೂಕದ ಮಿಷನ್ನಿಗೆ ಇಟ್ಟರು. ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ತೂಕ ಸರಿಯಾದ ಮೇಲೆ ಇನ್ನೇನು? ನೋಡುವ ಗೊಡವೆಗೆ ಹೋಗದೆ ನನ್ನ ಕೈಗೆ ಕೊಟ್ಟರು. "ತೊಳ್ಕೊಂಡ್ ಬಾ. ಆಮೇಲೆ ಯಾರ್ದು ಚೆನ್ನಾಗದೆ ಅಂತ ನಿಮ್ಮಜ್ಜಿ ಏಳ್ಲಿ."

ಹಿತ್ತಿಲಲ್ಲಿ ನೊರೆ ಎಬ್ಬಿಸಿ ಉಜ್ಜಿದೆ. ನೀರು ಹಾಕಿ ಎರಡನ್ನೂ ಒಟ್ಟಿಗೆ ಅಂಗೈ ಮೇಲಿಟ್ಟೆ. ಒಂದು ನೆಲ್ಲಿಕಾಯಿಯಷ್ಟಿತ್ತು. ಇನ್ನೊಂದು ನಿಂಬೆಹಣ್ಣಿನಷ್ಟಿತ್ತು. ಒಂದೇ ತೂಕದ ಚಿನ್ನ, ಅಪ್ಪನದು ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಹಿಗ್ಗಿತ್ತು, ಅಣ್ಣನದು ಗಟ್ಟಿಯಾಗಿ ಮುದುಡಿ ಕೂತಿತ್ತು.

ತಟ್ಟೆಯಲ್ಲಿಟ್ಟು ತಂದು ಅಜ್ಜಿಯ ಮುಂದೆ ಇಳಿಸಿದೆ.

ಅಜ್ಜಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ಚೆನ್ನಾಗವೆ," ಎಂದಳು. "ಒಂದು ತಾಯ್ದು, ಒಂದು ಮಗೀದು. ಮದ್ವೆ ಉಡ್ಗೀದು ಯಾವ್ದು?"

ಅಪ್ಪ ಎರಡನ್ನೂ ಎತ್ತಿ ಹಿಡಿದ. ಆಮೇಲೆ ತಲೆ ತಗ್ಗಿಸಿದ. ನಾಚಿಕೆಗೆ ಇರಬೇಕು ಎಂದುಕೊಂಡೆ. ಅಲ್ಲ.

"ನೋಡ್ದಾ? ಅಷ್ಟ್ ಚಿಕ್ಕ ಪರದೆ ನೋಡ್ಕೊಂಡ್ ಮಾಡುದ್ರೆ ಇಂಗೇ ಆಗೋದು!"

"ನಂದು ಸರಿಯಾಗೇ ಅದೆ!" ಎಂದು ಅಣ್ಣ ಕೂಗಿದ. "ಅದ್ನ ಕಿವಿಗಾಕ್ಕೊಂಡ್ರೆ ದೇವಸ್ಥಾನದ ಗಂಟೆ ನೇತಾಕ್ದಂಗಿರ್ತದೆ. ನಿಂದು ಕರಗ್ಸು."

"ನಿಂದು ಕರಗ್ಸ್ಲಾ ಮೊದ್ಲು."

"ನಂದ್ಯಾಕ್ ಕರಗಿಸ್ಲಿ? ತಪ್ಪಿರದು ಟ್ಯಾಬಲ್ಲಿ."

"ಎರಡೂ ತಪ್ಪೇ," ಎಂದಳು ಅಮ್ಮ ಅಡಿಗೆಮನೆಯಿಂದ. ಅದು ಯಾರ ಕಿವಿಗೂ ಬೀಳಲಿಲ್ಲ.

"ತೀರ್ಮಾನ ಆಗಗಂಟ ನನ್ನತ್ರ ಇರ್ಲಿ," ಎಂದು ಅಜ್ಜಿ ಎರಡನ್ನೂ ಸೆರಗಿಗೆ ಗಂಟು ಹಾಕಿದಳು. ತೀರ್ಮಾನ ಆಗಲಿಲ್ಲ. ಎರಡು ದಿನ ಹೋಯಿತು. ಅಪ್ಪ ಒಪ್ಪತ್ತು ಊಟ ಬಿಟ್ಟ. ಅಣ್ಣ ತನ್ನ ತಟ್ಟೆಯನ್ನು ಜಗಲಿಗೆ ಒಯ್ದು ತಿಂದ. ಅಣ್ಣಮ್ಮನವರ ಮನೆಯಿಂದ ಎರಡು ಸಲ ಫೋನು ಬಂತು. ಎರಡು ಸಲವೂ ಅಪ್ಪ, "ಪಾಲಿಶ್ ಒಂದ್ ಬಾಕಿ," ಎಂದ.

ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಶರಟು ಹಾಕಿಕೊಂಡು ಹೊರಟರು.

"ಎಲ್ಲಿಗ್ಲಾ ಸವಾರಿ?" ಎಂದಳು ಅಜ್ಜಿ.

"ಮಂಜುನಾಥನ ಅಂಗ್ಡಿಗೆ. ಎರಡ್ರಲ್ಲಿ ಯಾವ್ದು ಸರಿಯಾದ್ ಅಳತೆ ತೋರಿಸ್ತದೆ ಅಂತ ಅವನ್ನೇ ಕೇಳ್ತೀವಿ," ಎಂದ ಅಪ್ಪ.

ನಲವತ್ತು ವರ್ಷ ಮಣೆಯ ಮೇಲೆ ಕೂತ ಅಕ್ಕಸಾಲಿ, ಜುಮುಕಿ ಎಷ್ಟಿರಬೇಕೆಂದು ಕೇಳಲು ಚಾರ್ಜರು ಮಾರುವವನ ಹತ್ತಿರ ಹೋದ. ಇಬ್ಬರೂ ಬೀದಿಯ ತಿರುವು ದಾಟುವವರೆಗೆ ಅಜ್ಜಿ ನೋಡುತ್ತಿದ್ದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.

"ಹರ್ಷಿತಾ, ಬಾಗಿಲು ಮುಂದಕ್ಕಾಕು. ಕಲ್ಲೆಲ್ಲ ಬಿಡ್ಸು."

ಚಿಮಟ ಹಿಡಿದು ಒಂದೊಂದೇ ಕೆಂಪು ಕಲ್ಲು ಬಿಡಿಸಿ ಕುಂಕುಮದ ಭರಣಿಯ ಮುಚ್ಚಳಕ್ಕೆ ಹಾಕಿದೆ. ಅಮ್ಮ ಬಂದು ಚಿನ್ನ ಕರಗಿಸುವ ಮೂಸೆ ಒರೆಸಿಕೊಟ್ಟಳು. ಗ್ಯಾಸಿನ ಉರಿಯನ್ನು ನಾನು ಹಿಡಿದೆ. ಅಪ್ಪ ಅದನ್ನು ನನ್ನ ಕೈಗೆ ಯಾವತ್ತೂ ಕೊಟ್ಟಿರಲಿಲ್ಲ, ಆದರೆ ದಿನಕ್ಕೆ ಮೂರು ಸಲ ಕಾಫಿ ಕೊಡುವಾಗ ನೋಡಿದ್ದೆ. ಚಿನ್ನ ಬೇಗ ಕರಗಲೆಂದು ಅಜ್ಜಿ ಮೂಸೆಗೆ ಚಿಟಿಕೆ ಬಿಳಿಗಾರ ಉದುರಿಸಿದಳು. ನಿಂಬೆಹಣ್ಣು ಮೊದಲು ಕುಸಿಯಿತು, ನೆಲ್ಲಿಕಾಯಿ ಆಮೇಲೆ.

ಇಬ್ಬರೂ ಸಂಜೆ ಬಂದರು. ಮಂಜುನಾಥ ಅಣ್ಣನನ್ನು ಪಕ್ಕಕ್ಕೆ ಕರೆದು ಫೋನೇ ಸರಿ ಎಂದಿದ್ದನಂತೆ. ಅಪ್ಪನನ್ನೂ ಹಾಗೇ ಕರೆದು ಟ್ಯಾಬೇ ಸರಿ ಎಂದಿದ್ದನಂತೆ. ಮಣೆಯ ಮೇಲೆ ಚಿನ್ನದ ಗಟ್ಟಿ ಒಂದೇ ಇತ್ತು.

"ನನ್ ಜುಮುಕಿ ಎಲ್ಲಿ?" ಎಂದ ಅಪ್ಪ.

"ನಿನ್ ಜುಮುಕಿ ಯಾವ್ದ್ಲಾ? ಅಣ್ಣಮ್ಮಂದು," ಎಂದಳು ಅಜ್ಜಿ. "ಕರಗಿಸ್ದೆ. ತೂಕ ನೋಡ್ಕೊ, ಸರಿಯಾಗೇ ಅದೆ. ನಾಳೆ ಹರ್ಷಿತ ಸಿಂಧಘಟ್ಟಕ್ಕೋಗಿ ಮಾದರಿ ತತ್ತಾಳೆ. ನೀನೊಬ್ನೇ ಕೂತ್ಕೊಂಡು ಎರಡೂ ಮಾಡು."

"ಇವ್ಳು ಹೋದ್ರೆ ಮರ್ವಾದೆ ಓಯ್ತದೆ ಅಷ್ಟೇ," ಎಂದ ಅಣ್ಣ.

"ಮರ್ವಾದೆ ಇದ್ರೆ ನೀನೋಗು."

ಅವನು ಹೋಗಲಿಲ್ಲ. ಅಪ್ಪನೂ ಹೋಗಲಿಲ್ಲ. ಗಿರಾಕಿಯ ಮುಂದೆ ತಲೆ ಬಗ್ಗಿಸುವ ಕೆಲಸ ಬಂದಾಗ ಇಬ್ಬರಿಗೂ ನನ್ನ ನೆನಪಾಗುತ್ತದೆ.

ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ ಸಿಂಧಘಟ್ಟ ತಲುಪಿದಾಗ ಅಣ್ಣಮ್ಮ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದರು. ನಾನು ಗೇಟಿನ ಹೊರಗೇ ನಿಂತೆ. ಅವರೇ ನೋಡಿ, "ಆಚಾರ್ರ ಮಗ್ಳಲ್ವಾ? ಜುಮುಕಿ ತಂದ್ಯಾ ಮಗಾ?" ಎಂದರು.

ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ನಿಜ. "ಒಂದು ಚಿಕ್ಕದು, ಒಂದು ದೊಡ್ದು ಆಗೋಯ್ತು. ಒಬ್ರು ಫೋನ್ ನೋಡ್ಕೊಂಡು, ಒಬ್ರು ಟ್ಯಾಬ್ ನೋಡ್ಕೊಂಡ್ ಮಾಡಿದ್ರು. ಕರಗಿಸ್ಬುಟ್ವಿ. ಮಾದರಿ ಬೇಕು."

ಜಗಲಿಯ ಮೇಲಿದ್ದ ದೇವರಾಜು ಎದ್ದು ನಿಂತರು. "ಅವತ್ತೇ ಅಂದೆ, ಮೈಸೂರಲ್ಲಿ ರೆಡಿ ತಕ್ಕೊಂಡ್ಬುಡಣ ಅಂತ. ಆ ಚಿನ್ನ ವಾಪಸ್ ತಕ್ಕೊಂಡ್ ಬಾ ಅನ್ನು ಇವರಪ್ಪಂಗೆ."

ಅಣ್ಣಮ್ಮ ಕೈ ತೊಳೆದುಕೊಂಡರು. ಸೆರಗಲ್ಲಿ ಒರೆಸಿಕೊಂಡು ನನ್ನ ಹತ್ತಿರ ಬಂದರು. "ಈ ಸಲ ಅಳತೆ ಯಾರ್ ತಗೊಳ್ತಾರೆ?"

ಚೀಲದೊಳಗೆ ಕೈ ಹಾಕಿ ಕೈವಾರ ಹಿಡಿದುಕೊಂಡೆ. "ನಾನು."

"ತಗೊ ಮತ್ತೆ. ಇಲ್ಲೇ ತಗೊ. ನಾನ್ ನೋಡ್ತೀನಿ."

ಇನ್ನೂ ಹಿಂದಿರುಗಿಸದೆ ಇಟ್ಟಿದ್ದ ಮಾದರಿಯನ್ನು ಒಳಗಿಂದ ತಂದುಕೊಟ್ಟರು. ಅದನ್ನು ಮೊರದ ಮೇಲಿಟ್ಟು, ಕೈವಾರ ತೆಗೆದು, ಓಲೆ, ಬುಟ್ಟಿ, ಅಂಚಿನ ಗುಂಡು, ಕಲ್ಲು ಕೂರುವ ಮನೆ ಎಲ್ಲವನ್ನೂ ಒಂದೊಂದಾಗಿ ಅಳೆದು ರಟ್ಟಿನ ಮೇಲೆ ಗೆರೆ ಹಾಕಿ ಕತ್ತರಿಸಿಕೊಂಡೆ. ಮುಗಿಯುವವರೆಗೆ ಅವರು ಪಕ್ಕದಲ್ಲೇ ಕೂತಿದ್ದರು. ರಟ್ಟಿನ ತುಂಡನ್ನು ಜುಮುಕಿಯ ಮೇಲಿಟ್ಟು ತಾವೇ ನೋಡಿದರು. ಆಮೇಲೆ, "ಮುದ್ದೆ ಉಂಡ್ಕೊಂಡ್ ಓಗು," ಎಂದರು. ಹುರುಳಿಕಾಳಿನ ಸಾರು. ಅವರ ಮನೆಯ ಮಿಕ್ಸಿ ಒಳಗೆ ಗರ್ ಎನ್ನುತ್ತಿತ್ತು.

ಅಪ್ಪ ಮೂರು ದಿನ ಹಗಲೂ ರಾತ್ರಿ ಒಬ್ಬನೇ ಕೂತು ಎರಡನ್ನೂ ಮಾಡಿದ. ಕೆಲಸ ಬಲ್ಲವನೇ. ರಟ್ಟಿನ ಮೇಲೆ ತಗಡಿಟ್ಟು ಕತ್ತರಿಸುವಾಗ ಅವನ ಕೈ ಒಂದು ಎಳೆಯೂ ಆಚೀಚೆ ಹೋಗಲಿಲ್ಲ. ತೊಳೆದು ಅಂಗೈ ಮೇಲಿಟ್ಟರೆ ಯಾವುದು ಯಾವ ಕಿವಿಯದೆಂದು ನನಗೇ ಗೊತ್ತಾಗಲಿಲ್ಲ.

ತೊಣ್ಣೂರಿನಲ್ಲಿ ಮದುವೆ. ನಾವೆಲ್ಲ ಹೋಗಿದ್ದೆವು. ಊಟದ ಸಾಲಿನಲ್ಲಿ ಯಾರೋ ರಮ್ಯಳ ಕಿವಿ ನೋಡಿ, "ಮೈಸೂರದಾ?" ಎಂದು ಕೇಳಿದರು.

"ನಮ್ದೇ," ಎಂದ ಅಪ್ಪ, ಪಾಯಸದ ಬೆರಳೆತ್ತಿ. "ಟ್ಯಾಬಲ್ಲಿ ನೋಡ್ಕೊಂಡೇ ಮಾಡಿದ್ದು. ಎಲ್ಲಾ ಡಿಜಿಟಲ್ಲು."

"ಫೋಟೊ ತಗ್ದಿದ್ದು ನಾನು," ಎಂದ ಅಣ್ಣ ಪಕ್ಕದಿಂದ.

ಅಣ್ಣಮ್ಮ ಆ ಸಾಲಿನಲ್ಲಿ ತುಪ್ಪ ಬಡಿಸುತ್ತ ಬರುತ್ತಿದ್ದರು. ಕೇಳಿಸಿಕೊಂಡರು. ಅಪ್ಪನ ಎಲೆಗೂ ಅಣ್ಣನ ಎಲೆಗೂ ಒಂದೊಂದು ತೊಟ್ಟು ಬಿಟ್ಟು ಮುಂದೆ ಹೋದರು. ನನ್ನ ಎಲೆಯ ಮುಂದೆ ನಿಂತು, ನಾನು ಸಾಕು ಸಾಕು ಎಂದರೂ ಕೈ ತೆಗೆಯಲಿಲ್ಲ.

ಕೂಲಿ ಬಂತು. ಅಪ್ಪ ಹೋಗಿ ಟ್ಯಾಬಿಗೆ ದುಡ್ಡು ಕೊಟ್ಟು ಬಂದ. ಅಣ್ಣ ಎರಡು ದಿನ ಮನೆಗೆ ಬರಲಿಲ್ಲ. ಮೂರನೆಯ ದಿನ ಫೋನನ್ನು ಕಂತಿಗೆ ತೆಗೆದುಕೊಂಡು ಬಂದ. ಐದು ವಾರ ಯಾವುದು ಯಾವುದು ಎಂದು ಕಿತ್ತಾಡಿ ಎರಡನ್ನೂ ತಂದರು. ಮಿಕ್ಸಿ ಹಾಗೇ ಇದೆ.

ಕಳೆದ ಸೋಮವಾರ ನಾಗಮಂಗಲದ ಕಡೆಯಿಂದ ಚಿಕ್ಕಬೋರಮ್ಮ ಎಂಬ ಹೆಂಗಸು ಬಂದಳು. ಸಿಂಧಘಟ್ಟದವರಿಗೆ ಬೀಗರಂತೆ. ಕೈಯಲ್ಲಿ ಅಕ್ಕಿ ಬೆಲ್ಲದ ತಟ್ಟೆ. ಅಪ್ಪ ಮೈ ಕೈ ಸರಿಮಾಡಿಕೊಂಡು ಟ್ಯಾಬನ್ನು ಮಣೆಯ ಮೇಲೆ ಬೆಳಗಿಸಿದ.

"ನೋಡಿ, ಐನೂರು ಡಿಸೈನ್ ಅವೆ. ಯಾವ್ದ್ ಬೇಕು?"

"ಈ ಕಡೆ ಇನ್ನೂ ಸಾವ್ರ ಅವೆ," ಎಂದು ಅಣ್ಣ ಫೋನು ಚಾಚಿದ.

ಚಿಕ್ಕಬೋರಮ್ಮ ಎರಡನ್ನೂ ನೋಡಲಿಲ್ಲ. "ಅವೆಲ್ಲ ನಂಗ್ ಬ್ಯಾಡ ಸ್ವಾಮಿ. ಮಾದರಿ ತಂದಿವ್ನಿ. ಅಳತೆ ತಗೊಳೋ ಹೆಣ್ಮಗ ಒಂದಿದ್ದದಂತಲ್ಲ, ಅದ್ನ ಕರೀರಿ."

ಅಪ್ಪ ಅಣ್ಣನನ್ನು ನೋಡಿದ. ಅಣ್ಣ ಅಪ್ಪನನ್ನು ನೋಡಿದ. ಬಾಗಿಲಲ್ಲಿ ಅಜ್ಜಿ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು.

ನಾನು ಕಾರದ ಕೈ ತೊಳೆದುಕೊಂಡು ಬಂದೆ. ಮಾದರಿ ಇಡಲು ಸಮನಾದ ಜಾಗ ಬೇಕಿತ್ತು. ಮಣೆಯ ತುಂಬ ಉಳಿ, ಅರ, ತಂತಿ. ನಡುವೆ ಟ್ಯಾಬು ಮಲಗಿತ್ತು. ಗುಂಡಿ ಒತ್ತಿ ಅದರ ಬೆಳಕು ಆರಿಸಿದೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಅದರ ಮೇಲೆ ರಟ್ಟು ಹಾಸಿ, ಅವಳು ತಂದಿದ್ದ ಮಾದರಿ ಓಲೆಯನ್ನಿಟ್ಟು ಕೈವಾರ ತೆರೆದೆ.

ಆ ಕೆಲಸಕ್ಕೆ ಅದು ಚೆನ್ನಾಗಿತ್ತು. ಒಂದಿಷ್ಟೂ ಅಲ್ಲಾಡಲಿಲ್ಲ.